ಆತ್ಮಹತ್ಯೆ: ನಿಷೇಧವೊಂದೇ ಸಾಕೇ?

ಆತ್ಮಹತ್ಯೆಯ ಕುರಿತು ನಮ್ಮ ವೇದಿಕೆಗಳಲ್ಲಿ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಕೇಳಿಬರುತ್ತದೆ: ಇಸ್ಲಾಮಿನಲ್ಲಿ ಆತ್ಮಹತ್ಯೆ ನಿಷಿದ್ಧ, ಆದ್ದರಿಂದ ಮುಸ್ಲಿಮರಲ್ಲಿ ಅದು ವಿರಳ. ಈ ವಾಕ್ಯದ ಮೊದಲರ್ಧದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಈ ವಿಷಯದಲ್ಲಿ ಸಾಮಾನ್ಯವಾಗಿ ಉಲ್ಲೇಖಿಸಲಾಗುವ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 29ನೇ ಸೂಕ್ತವೂ ಪ್ರವಾದಿ ಮುಹಮ್ಮದ್(ಸ)ರ ಹಲವು ಹದೀಸ್‌ಗಳೂ ಈ ಬಗ್ಗೆ ಸ್ಪಷ್ಟವಾಗಿವೆ. ಪರಿಶೀಲಿಸಬೇಕಾದುದು ವಾಕ್ಯದ ನಡುವೆ ನಿಂತಿರುವ 'ಆದ್ದರಿಂದ' ಎಂಬ ಪದವನ್ನು. ಒಂದು ಕೃತ್ಯವನ್ನು ಧರ್ಮ ನಿಷೇಧಿಸಿದ ಮಾತ್ರಕ್ಕೆ ಅದು ಆ ಧರ್ಮದ ಅನುಯಾಯಿಗಳ ನಡುವಿನಿಂದ ಇಲ್ಲವಾಗುತ್ತದೆಯೇ? ಅಥವಾ ನಿಷೇಧದ ಜೊತೆಗೆ ಮನುಷ್ಯನನ್ನು ಹಿಡಿದು ನಿಲ್ಲಿಸುವ ಇನ್ನೇನಾದರೂ ಬೇಕೇ? ಈ ಪ್ರಶ್ನೆಯನ್ನು ನಮಗಿಂತ ಮೊದಲು ಯುರೋಪಿನ ಕ್ರೈಸ್ತರು ತಮ್ಮ ಕುರಿತು ಕೇಳಿಕೊಂಡಿದ್ದರು. ಅವರು ಕಂಡುಕೊಂಡ ಉತ್ತರ ಸರಳವಾದುದಲ್ಲ. ಅದರ ಇತಿಹಾಸವನ್ನು ನಾವು ಅರಿಯುವುದು ಒಳಿತೆಂದು ಭಾವಿಸುತ್ತೇವೆ.

ಯುರೋಪಿನಲ್ಲಿ ನಿಷೇಧವು ಕೇವಲ ಉಪದೇಶವಾಗಿರಲಿಲ್ಲ, ಅದು ದಂಡವೂ ಆಗಿತ್ತು. ಫ್ರಾನ್ಸಿನಲ್ಲಿ 1670ರ ಅಪರಾಧ ಶಾಸನದ ಪ್ರಕಾರ ಆತ್ಮಹತ್ಯೆ ಮಾಡಿಕೊಂಡವನ ಶವದ ಮೇಲೆಯೇ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲಾಗುತ್ತಿತ್ತು. ಅಪರಾಧ ಸಾಬೀತಾದರೆ ಶವವನ್ನು ಬೀದಿಯಲ್ಲಿ ಎಳೆಯಲಾಗುತ್ತಿತ್ತು, ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುತ್ತಿತ್ತು. ಕ್ರಾಂತಿಯ ನಂತರ, 1791ರ ದಂಡ ಸಂಹಿತೆಯಲ್ಲಿ ಮಾತ್ರ ಈ ಅಪರಾಧವು ಕಾಣೆಯಾಯಿತು. ಇಂಗ್ಲೆಂಡಿನಲ್ಲಿ ಅಂಥವರನ್ನು ಚರ್ಚಿನ ಸ್ಮಶಾನದಲ್ಲಿ ಹೂಳದೆ ರಸ್ತೆಗಳು ಕೂಡುವ ಕಡೆ ಹೂಳುವ ಪದ್ಧತಿ 1823ರ ಕಾಯ್ದೆ ಬರುವವರೆಗೂ ಉಳಿದಿತ್ತು.

ಇಷ್ಟು ಕಠೋರ ದಂಡನೆಯಿಂದ ಸಾವುಗಳು ಕಡಿಮೆಯಾದವೋ ಇಲ್ಲವೋ ಎಂದು ಹೇಳುವುದಕ್ಕೆ ಆ ಕಾಲದ ಅಂಕಿಅಂಶಗಳು ನಂಬಲರ್ಹವಲ್ಲ. ಅವು ನಂಬಲರ್ಹವಾಗದಿರುವುದಕ್ಕೂ ಆ ದಂಡನೆಯೇ ಕಾರಣ. ಮನೆಯೊಡೆಯ ಸತ್ತು, ಅವನ ಆಸ್ತಿಯೂ ರಾಜನ ಪಾಲಾದರೆ ಹೆಂಡತಿ ಮಕ್ಕಳ ಗತಿಯೇನು? ಇಂಗ್ಲೆಂಡಿನ ಶವತನಿಖೆಯ ಜ್ಯೂರಿಗಳಲ್ಲಿ ಕುಳಿತಿದ್ದವರು ಊರಿನವರೇ ಆಗಿದ್ದರು. 'ಸತ್ತವನಿಗೆ ಬುದ್ಧಿಭ್ರಮಣೆಯಾಗಿತ್ತು' ಎಂದು ತೀರ್ಪು ಬರೆದರೆ ಕುಟುಂಬ ಉಳಿಯುತ್ತಿತ್ತು. ಹದಿನೆಂಟನೇ ಶತಮಾನ ಕಳೆಯುತ್ತಾ ಬಂದಂತೆ ಇಂಥ ತೀರ್ಪುಗಳೇ ವಾಡಿಕೆಯಾದವು. ನೆರೆಯವರ ಮೇಲಿನ ಕನಿಕರದಿಂದ ಹೇಳಿದ ಸುಳ್ಳು ಅದು. ಆದರೆ ದಾಖಲೆಯಲ್ಲಿ ಅದು ಸತ್ಯವಾಗಿ ಕುಳಿತುಕೊಂಡಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದರ ಅಗತ್ಯ ಬೀಳುತ್ತದೆ.

ಹತ್ತೊಂಬತ್ತನೇ ಶತಮಾನದಲ್ಲಿ ಸರಕಾರಗಳು ಜನನ, ಮರಣ, ಅಪರಾಧಗಳನ್ನು ಎಣಿಸತೊಡಗಿದವು. ಬೆಲ್ಜಿಯಮ್‌ನ ಗಣಿತಜ್ಞ ಅಡಾಲ್ಫ್ ಕೆಟ್ಲೆ 1835ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜನರನ್ನು ಬೆಚ್ಚಿಬೀಳಿಸುವ ಒಂದು ಸಂಗತಿಯನ್ನು ತೋರಿಸಿದರು. ಆತ್ಮಹತ್ಯೆಯು ತೀರಾ ಖಾಸಗಿಯಾದ, ಒಬ್ಬೊಬ್ಬನೂ ತನ್ನಷ್ಟಕ್ಕೆ ತೆಗೆದುಕೊಳ್ಳುವ ನಿರ್ಧಾರ. ಆದರೂ ಒಂದು ದೇಶದಲ್ಲಿ ಪ್ರತಿ ವರ್ಷ ಅದರ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ! ಸಾಯುವವರು ಪ್ರತಿ ವರ್ಷ ಬೇರೆ ಬೇರೆ, ಅವರಿಗೆ ಪರಸ್ಪರ ಪರಿಚಯವೂ ಇಲ್ಲ. ಹಾಗಿದ್ದೂ ಸಂಖ್ಯೆ ಬದಲಾಗುವುದಿಲ್ಲವೆಂದರೆ ಅದರ ಕಾರಣವು ವ್ಯಕ್ತಿಯ ಒಳಗೆ ಮಾತ್ರ ಇರಲು ಸಾಧ್ಯವಿಲ್ಲ. ವ್ಯಕ್ತಿ ಬದುಕುವ ಸಮಾಜದಲ್ಲಿಯೂ ಅದನ್ನು ಹುಡುಕಬೇಕು.

ಅಂಕಿಗಳ ಈ ಹಾದಿಯ ಜೊತೆಯಲ್ಲೇ ಇನ್ನೊಂದು ಹಾದಿಯೂ ಇತ್ತು. ಪ್ಯಾರಿಸ್ ಪೊಲೀಸ್ ಇಲಾಖೆಯ ದಾಖಲೆಪಾಲಕರಾಗಿದ್ದ ಝಾಕ್ ಪೆಶೆ ತಮ್ಮ ನೆನಪುಗಳಲ್ಲಿ ಕೆಲವು ಪ್ರಕರಣಗಳನ್ನು ಬರೆದಿಟ್ಟಿದ್ದರು. 1846ರಲ್ಲಿ ಯುವಕ ಕಾರ್ಲ್ ಮಾರ್ಕ್ಸ್ ಅವುಗಳಿಂದ ಆಯ್ದು ಒಂದು ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಾರ್ಕ್ಸರ ಧರ್ಮವಿರೋಧಿ ನಿಲುವನ್ನು ನಾವು ಒಪ್ಪುವುದಿಲ್ಲ, ಆದರೆ ಅವರು ಆಯ್ದ ಈ ಪ್ರಕರಣಗಳನ್ನು ಯಾವ ತಂದೆತಾಯಿಯೂ ಓದಬೇಕು. ನಾಲ್ಕು ಪ್ರಕರಣಗಳಲ್ಲಿ ಮೂರು ಮಹಿಳೆಯರವು.

ಅವುಗಳಲ್ಲೊಂದು 1816ರಲ್ಲಿ ನಡೆದುದು. ದರ್ಜಿಯೊಬ್ಬನ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಹಿಂದಿನ ಸಂಜೆ ವರನ ಮನೆಯಲ್ಲಿ ಊಟದ ಕೂಟ ನಡೆಯಿತು. ಹುಡುಗಿ ಆ ರಾತ್ರಿ ಅಲ್ಲಿಯೇ ಉಳಿದುಕೊಂಡಳು. ಬೆಳಿಗ್ಗೆ ಮನೆಗೆ ಮರಳಿದವಳನ್ನು ಕಂಡ ತಂದೆತಾಯಿಗಳು ಬೀದಿಗೆ ಕೇಳಿಸುವಂತೆ ಬೈಯತೊಡಗಿದರು. ನೆರೆಹೊರೆಯವರು ಬಂದು ಸೇರಿಕೊಂಡರು. ಮಾತು ಮಾತಿಗೆ ಬೆಳೆದು ಆ ಮನೆಯ ಬಾಗಿಲೇ ನ್ಯಾಯಾಲಯವಾಯಿತು. ಅವಮಾನವನ್ನು ತಾಳಲಾರದ ಹುಡುಗಿ ಅಲ್ಲಿಂದ ಓಡಿದಳು, ಮತ್ತೆ ಜೀವಂತವಾಗಿ ಮರಳಲಿಲ್ಲ. ಅವಳ ತಪ್ಪನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಅದನ್ನು ಮನೆಯೊಳಗೆ ಮುಚ್ಚಿ ತಿದ್ದಬಹುದಾಗಿದ್ದ ಹೆತ್ತವರು ಬೀದಿಗೆ ಎಳೆದರು. ಇತರರ ಲೋಪವನ್ನು ಮರೆಮಾಚುವುದು ಪುಣ್ಯವೆಂದು ಕಲಿತ ಸಮುದಾಯ ನಮ್ಮದು. ಇನ್ನೂರು ವರ್ಷಗಳ ಹಿಂದೆ ಪ್ಯಾರಿಸಿನ ಬಾಗಿಲಲ್ಲಿ ಕೂಗಿದ ಆ ಮಾತುಗಳು ಇಂದು ಯಾವ ಭಾಷೆಯಲ್ಲಿ, ಯಾವ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿಸುತ್ತಿವೆ ಎಂದು ನಾವು ವಿವರಿಸಬೇಕಾಗಿಲ್ಲ.

ಈ ಎರಡೂ ಹಾದಿಗಳ ನಂತರ ಬಂದವರು ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೀಮ್. 1858ರಲ್ಲಿ ಎಪಿನಾಲ್ ಎಂಬಲ್ಲಿ ಯಹೂದಿ ಧರ್ಮಗುರುಗಳ ಮನೆತನದಲ್ಲಿ ಹುಟ್ಟಿದ ಅವರು ತಂದೆಯ ವೃತ್ತಿಯನ್ನು ಹಿಡಿಯದೆ ವಿಶ್ವವಿದ್ಯಾಲಯವನ್ನು ಆರಿಸಿಕೊಂಡರು. ಅವರ ಆಪ್ತ ಸಹಪಾಠಿ ವಿಕ್ಟರ್ ಓಮೆ 1886ರಲ್ಲಿ ಮೃತಪಟ್ಟರು. ಅದು ಆತ್ಮಹತ್ಯೆಯೇ ಇರಬೇಕೆಂದು ಜೀವನಚರಿತ್ರೆಕಾರರು ಭಾವಿಸಿದ್ದಾರೆ. ಹನ್ನೊಂದು ವರ್ಷಗಳ ನಂತರ, 1897ರಲ್ಲಿ, ಡರ್ಖೀಮ್ ಅವರ 'ಆತ್ಮಹತ್ಯೆ' ಎಂಬ ಗ್ರಂಥ ಪ್ರಕಟವಾಯಿತು. ಅದಕ್ಕಾಗಿ ಅವರ ಸೋದರಳಿಯ ಮಾರ್ಸೆಲ್ ಮೋಸ್ ಸುಮಾರು 26,000 ಪ್ರಕರಣಗಳನ್ನು ವಯಸ್ಸು, ಲಿಂಗ, ವೈವಾಹಿಕ ಸ್ಥಿತಿ, ಮಕ್ಕಳಿದ್ದಾರೆಯೇ ಇಲ್ಲವೇ ಎಂಬ ವಿವರಗಳ ಪ್ರಕಾರ ಕೈಯಿಂದಲೇ ವಿಂಗಡಿಸಿದರು. ಆ ಕಡತಗಳನ್ನು ಒದಗಿಸಿಕೊಟ್ಟವರು ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗದಲ್ಲಿದ್ದ ಗೇಬ್ರಿಯೆಲ್ ಟಾರ್ಡ್. ಅದೇ ಗ್ರಂಥದಲ್ಲಿ ಡರ್ಖೀಮ್ ಖಂಡಿಸಿದ ಎದುರಾಳಿಯೂ ಇದೇ ಟಾರ್ಡ್! ವಿದ್ವತ್ತಿನಲ್ಲಿ ಇಂಥ ಔದಾರ್ಯವೂ ಇರುತ್ತದೆ.

ಡರ್ಖೀಮ್ ಮೊದಲು ಕೈಹಾಕಿದ್ದು ಪ್ರಚಲಿತ ನಂಬಿಕೆಗಳ ಪರೀಕ್ಷೆಗೆ. ಹುಚ್ಚು, ವಂಶವಾಹಿ ಗುಣ, ಹವಾಮಾನ, ಅನುಕರಣೆ ಇವು ಯಾವುವೂ ದೇಶದೇಶಗಳ ನಡುವಿನ ವ್ಯತ್ಯಾಸವನ್ನು ವಿವರಿಸಲಾರವು ಎಂದು ಅವರು ವಾದಿಸಿದರು. ಒಂದು ಉದಾಹರಣೆ ಸ್ವಾರಸ್ಯಕರವಾಗಿದೆ. ಚಳಿಗಾಲದ ಮಬ್ಬು, ಕತ್ತಲೆ, ಏಕಾಂತ ಮನುಷ್ಯನನ್ನು ಸಾವಿನತ್ತ ತಳ್ಳುತ್ತವೆ ಎಂದು ಎಲ್ಲರೂ ಊಹಿಸುತ್ತಾರೆ. ಅಂಕಿಗಳು ಹೇಳಿದ್ದು ಬೇರೆಯದೇ: ಯುರೋಪಿನಲ್ಲಿ ವಸಂತ ಮತ್ತು ಬೇಸಿಗೆಯ ತಿಂಗಳುಗಳಲ್ಲಿ ಆತ್ಮಹತ್ಯೆ ಹೆಚ್ಚಾಗುತ್ತಿತ್ತು. ಹಗಲು ದೀರ್ಘವಾಗುತ್ತದೆ, ಊರು ಚುರುಕಾಗುತ್ತದೆ, ಎಲ್ಲರೂ ಹೊರಗೆ ಬರುತ್ತಾರೆ. ಆ ಗಿಜಿಗಿಜಿಯಲ್ಲಿಯೇ ಕೆಲವರು ತಾಳಿಕೆ ಕಳೆದುಕೊಳ್ಳುತ್ತಾರೆ.

ಇನ್ನು ಧರ್ಮದ ವಿಷಯ. ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ ಈ ಮೊದಲೇ ಸಂಗ್ರಹಿಸಿದ್ದ ಅಂಕಿಗಳನ್ನು ಡರ್ಖೀಮ್ ಬಳಸಿಕೊಂಡರು. ಪ್ರೊಟೆಸ್ಟೆಂಟ್ ರಾಜ್ಯಗಳಲ್ಲಿ ಹತ್ತು ಲಕ್ಷ ಜನರಿಗೆ ಸರಾಸರಿ 190 ಆತ್ಮಹತ್ಯೆಗಳು, ಪ್ರೊಟೆಸ್ಟೆಂಟರೂ ಕ್ಯಾಥೊಲಿಕರೂ ಬೆರೆತಿದ್ದ ರಾಜ್ಯಗಳಲ್ಲಿ 96, ಕ್ಯಾಥೊಲಿಕ್ ರಾಜ್ಯಗಳಲ್ಲಿ 58. ಇದನ್ನು ಕಂಡು ಒಬ್ಬ ಕ್ಯಾಥೊಲಿಕ್ ಉಪದೇಶಕನು ನಮ್ಮವರಂತೆಯೇ 'ಆದ್ದರಿಂದ' ಎಂದು ಹೇಳಬಹುದಿತ್ತು. ಡರ್ಖೀಮ್ ಅಲ್ಲಿಯೇ ತಡೆದರು. ಪ್ರೊಟೆಸ್ಟೆಂಟರ ಧರ್ಮವೂ ಆತ್ಮಹತ್ಯೆಯನ್ನು ಅಷ್ಟೇ ಕಠಿಣವಾಗಿ ನಿಷೇಧಿಸುತ್ತದೆ. ಮರಣಾನಂತರದ ಶಿಕ್ಷೆಯ ಎಚ್ಚರಿಕೆಯನ್ನೂ ಅದು ನೀಡುತ್ತದೆ. ನಿಷೇಧ ಎರಡೂ ಕಡೆ ಸಮಾನವಾಗಿರುವಾಗ ಫಲ ಭಿನ್ನವಾಗಿದೆಯೆಂದರೆ, ಫಲಕ್ಕೆ ಕಾರಣ ನಿಷೇಧವಲ್ಲ. ಯಹೂದಿಯರ ಉದಾಹರಣೆ ಇನ್ನೂ ತೀಕ್ಷ್ಣವಾಗಿತ್ತು. ಅವರು ಹೆಚ್ಚಾಗಿ ನಗರವಾಸಿಗಳು, ನಗರಗಳಲ್ಲಿಯೇ ಆತ್ಮಹತ್ಯೆ ಹೆಚ್ಚು. ಆದರೂ ಅವರ ಪ್ರಮಾಣ ಪ್ರೊಟೆಸ್ಟೆಂಟರಿಗಿಂತ ಕಡಿಮೆಯಿತ್ತು. ಶತಮಾನಗಳ ದ್ವೇಷವನ್ನು ಎದುರಿಸಿದ ಆ ಸಣ್ಣ ಸಮುದಾಯವು ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡಿತ್ತು ಎಂಬುದು ಡರ್ಖೀಮ್ ನೀಡಿದ ವಿವರಣೆ.

ಅವರ ವಾದದ ತಿರುಳು ಇದು: ಧರ್ಮವು ಮನುಷ್ಯನನ್ನು ಕಾಯುವುದು ಅವನಿಗೆ ಬೋಧಿಸುವ ಮೂಲಕ ಮಾತ್ರವಲ್ಲ, ಅವನನ್ನು ಇತರರೊಂದಿಗೆ ಸೇರಿಸುವ ಮೂಲಕ. ಕೂಡಿ ನಡೆಸುವ ಆಚರಣೆಗಳು, ಕೂಡಿ ಹೊರುವ ಹೊಣೆಗಳು, ದಿನದಲ್ಲಿ ಹಲವು ಬಾರಿ ಮುಖಾಮುಖಿಯಾಗುವ ಜನ ಎಷ್ಟು ಹೆಚ್ಚೋ ಕಾವಲು ಅಷ್ಟು ಗಟ್ಟಿ. ಕುಟುಂಬದ ವಿಷಯದಲ್ಲೂ ಇದನ್ನೇ ಅವರು ಕಂಡರು. ವಿವಾಹಿತರಿಗಿಂತ ವಿಧುರರಲ್ಲಿ ಆತ್ಮಹತ್ಯೆ ಹೆಚ್ಚಿತ್ತು. ಮಕ್ಕಳಿರುವ ಮನೆಯಲ್ಲಿ ಕಡಿಮೆಯಿತ್ತು. ಯುದ್ಧ, ಕ್ರಾಂತಿಗಳ ಕಾಲದಲ್ಲಿ, ಇಡೀ ದೇಶ ಒಂದೇ ಚಿಂತೆಯಲ್ಲಿದ್ದಾಗ, ಸಂಖ್ಯೆ ಕುಸಿಯುತ್ತಿತ್ತು. ಜನರಿಂದ ಕಳಚಿಕೊಂಡವನು ಅಪಾಯದಲ್ಲಿರುತ್ತಾನೆ.

ಆದರೆ ಬಂಧ ಇದ್ದರೂ ಸಾಲದು, ಬದುಕಿಗೆ ಒಂದು ಅಳತೆಯೂ ಬೇಕು. 1873ರಲ್ಲಿ ವಿಯೆನ್ನಾ ನಗರದಲ್ಲಿ ಹಣಕಾಸು ಮಾರುಕಟ್ಟೆ ಕುಸಿಯಿತು. ಅಲ್ಲಿ 1872ರಲ್ಲಿ 141 ಇದ್ದ ಆತ್ಮಹತ್ಯೆಗಳು ಮರುವರ್ಷ 153ಕ್ಕೂ 1874ರಲ್ಲಿ 216ಕ್ಕೂ ಏರಿದವು. ನಷ್ಟದಿಂದ ಸತ್ತರು ಎಂದು ಸುಲಭವಾಗಿ ಹೇಳಬಹುದು. ಡರ್ಖೀಮ್ ಮತ್ತೊಂದನ್ನು ಗಮನಿಸಿದರು: ಸಮೃದ್ಧಿ ಹಠಾತ್ತನೆ ಬಂದಾಗಲೂ ಸಂಖ್ಯೆ ಏರುತ್ತದೆ. ಏಕೀಕರಣದ ನಂತರ ಇಟಲಿಯಲ್ಲಿ ವ್ಯಾಪಾರ, ಕೂಲಿ, ಜೀವನಮಟ್ಟ ಮೇಲೇರಿದಾಗ ಆತ್ಮಹತ್ಯೆಯೂ ಏರಿತು. ಎಷ್ಟು ಬಯಸಬೇಕು, ಎಲ್ಲಿ ನಿಲ್ಲಬೇಕು ಎಂಬ ಕಟ್ಟಳೆ ಕಳಚಿಹೋದ ಈ ಸ್ಥಿತಿಯನ್ನು ಅವರು 'ಅನೋಮಿ' ಎಂದು ಕರೆದರು. ಬಡತನವೇ ಮನುಷ್ಯನನ್ನು ಕಾಪಾಡುತ್ತದೆ ಎಂಬರ್ಥದ ಮಾತನ್ನೂ ಅವರು ಇಲ್ಲಿ ಆಡಿದ್ದಾರೆ. ಇದು ಹೊಟ್ಟೆ ತುಂಬಿದ ಪ್ರಾಧ್ಯಾಪಕರ ಮಾತೆಂದೇ ನಮಗೆ ತೋರುತ್ತದೆ. ಐರ್ಲೆಂಡಿನ ಬಡ ರೈತನ ಅಂಕಿ ಕಡಿಮೆಯಿದ್ದಿರಬಹುದು, ಹಾಗೆಂದು ಹಸಿವು ಔಷಧವಾಗುವುದಿಲ್ಲ.

ಆ ಗ್ರಂಥದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಒಂದು ಅಡಿಟಿಪ್ಪಣಿ. ಬಂಧ ಸಡಿಲವಾದಾಗಿನ ಸಾವುಗಳ ಕುರಿತು ನೂರಾರು ಪುಟ ಬರೆದ ಡರ್ಖೀಮ್, ಕಟ್ಟಳೆ ಅತಿಯಾಗಿ ಬಿಗಿದಾಗಿನ ಸಾವುಗಳನ್ನು ಕೆಲವೇ ಸಾಲುಗಳಲ್ಲಿ ಮುಗಿಸಿಬಿಟ್ಟರು. ಭವಿಷ್ಯದ ಬಾಗಿಲು ಮುಚ್ಚಿಹೋದವರು, ದಬ್ಬಾಳಿಕೆಯ ಶಿಸ್ತಿನಡಿ ನಲುಗುವವರು ಇದ್ದಾರೆಂದು ಹೇಳಿ, ಗುಲಾಮರನ್ನೂ ಮಕ್ಕಳಿಲ್ಲದ ವಿವಾಹಿತ ಮಹಿಳೆಯರನ್ನೂ ಉದಾಹರಿಸಿದರು. ಆದರೆ ಇಂದಿನ ಕಾಲಕ್ಕೆ ಇದು ಅಷ್ಟೇನೂ ಮುಖ್ಯವಲ್ಲವೆಂದು ಮುಂದೆ ಸಾಗಿದರು. ಪೆಶೆಯವರ ದಾಖಲೆಗಳಲ್ಲಿದ್ದ ಮೂವರು ಮಹಿಳೆಯರು ಈ ಅಡಿಟಿಪ್ಪಣಿಯೊಳಗೆ ಕಾಣೆಯಾದರು. ಕುಟುಂಬ ಕಾಪಾಡುತ್ತದೆ ಎಂಬುದು ನಿಜ. ಅದೇ ಕುಟುಂಬದ ಗೋಡೆಗಳು ಕೆಲವರ ಪಾಲಿಗೆ ಹೊರಬಾಗಿಲಿಲ್ಲದ ಕೋಣೆಯಾಗುತ್ತವೆ ಎಂಬುದೂ ಅಷ್ಟೇ ನಿಜ. ಕೌಟುಂಬಿಕ ವ್ಯವಸ್ಥೆಯ ಬಗ್ಗೆ ಹೆಮ್ಮೆಪಡುವ ನಾವು ಈ ಎರಡನೆಯ ಮಾತನ್ನು ಕಿವಿಗೊಟ್ಟು ಕೇಳಿದ್ದು ಕಡಿಮೆ.

ಡರ್ಖೀಮ್ ಅವರ ಅನುಯಾಯಿಗಳೇ ಅವರನ್ನು ಮೊದಲು ತಿದ್ದಿದರು. ಮೋರಿಸ್ ಹಾಲ್ಬ್‌ವಾಕ್ಸ್ 1930ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಧರ್ಮದ ಪ್ರಭಾವವನ್ನು ಜೀವನಕ್ರಮದ ಪ್ರಭಾವದಿಂದ ಬೇರ್ಪಡಿಸುವುದು ಸಾಧ್ಯವಿಲ್ಲವೆಂದು ತೋರಿಸಿದರು. ಕ್ಯಾಥೊಲಿಕರು ಹೆಚ್ಚಾಗಿ ಹಳ್ಳಿಗಳಲ್ಲಿ, ಹಳೆಯ ಕೃಷಿ ಕುಟುಂಬಗಳಲ್ಲಿ ಬದುಕುತ್ತಿದ್ದರು. ಕಡಿಮೆ ಅಂಕಿಯ ಶ್ರೇಯಸ್ಸು ಚರ್ಚಿಗೆ ಸಲ್ಲಬೇಕೋ ಹಳ್ಳಿಗೆ ಸಲ್ಲಬೇಕೋ? ಹಾಲ್ಬ್‌ವಾಕ್ಸ್ ಅವರು 1945ರಲ್ಲಿ ನಾಝಿಗಳ ಬೂಕನ್‌ವಾಲ್ಡ್ ಶಿಬಿರದಲ್ಲಿ ಮೃತಪಟ್ಟರು.

ಇನ್ನೂ ಗಂಭೀರವಾದ ಪ್ರಶ್ನೆಯನ್ನು 1967ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜ್ಯಾಕ್ ಡಗ್ಲಸ್ ಎತ್ತಿದರು. ಈ ಎಲ್ಲ ಅಂಕಿಗಳನ್ನು ಬರೆದವರು ಯಾರು? ಒಂದು ಸಾವನ್ನು ಆತ್ಮಹತ್ಯೆ ಎಂದು ದಾಖಲಿಸಬೇಕೇ ಬೇಡವೇ ಎಂಬ ತೀರ್ಮಾನವನ್ನು ವೈದ್ಯ, ಪೊಲೀಸ್, ಬಂಧುಗಳು ಕೂಡಿ ಮಾಡುತ್ತಾರೆ. ಎಲ್ಲಿ ಅದು ದೊಡ್ಡ ಕಳಂಕವೋ ಅಲ್ಲಿ ಮರೆಮಾಚುವ ಯತ್ನವೂ ದೊಡ್ಡದು. ಎಲ್ಲಿ ಬಂಧುಬಳಗ ಬಿಗಿಯಾಗಿದೆಯೋ ಅಲ್ಲಿ ಮರೆಮಾಚಲು ಕೈಗಳೂ ಹೆಚ್ಚು. ಇಂಗ್ಲೆಂಡಿನ ಜ್ಯೂರಿಗಳ ಕನಿಕರದ ಸುಳ್ಳನ್ನು ಇಲ್ಲಿ ನೆನಪಿಸಿಕೊಳ್ಳಬೇಕು. 1996ರಲ್ಲಿ ಫ್ರಾನ್ಸ್ ವಾನ್ ಪೊಪೆಲ್ ಮತ್ತು ಲಿಂಕನ್ ಡೇ ಎಂಬ ಸಂಶೋಧಕರು ನೆದರ್‌ಲ್ಯಾಂಡ್ಸ್ ದೇಶದ 1905ರಿಂದ 1910ರವರೆಗಿನ ಮರಣ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ಕ್ಯಾಥೊಲಿಕರ ಆತ್ಮಹತ್ಯೆ ಪ್ರಮಾಣ ಪ್ರೊಟೆಸ್ಟೆಂಟರಿಗಿಂತ ಕಡಿಮೆಯಿತ್ತು. ಆದರೆ 'ಹಠಾತ್ ಮರಣ', 'ಕಾರಣ ಸ್ಪಷ್ಟವಿಲ್ಲ' ಎಂಬ ಕಲಮುಗಳಲ್ಲಿ ಕ್ಯಾಥೊಲಿಕರೇ ಹೆಚ್ಚಿದ್ದರು. ಇವನ್ನೂ ಲೆಕ್ಕಕ್ಕೆ ಹಿಡಿದರೆ ಎರಡು ಪಂಗಡಗಳ ನಡುವಿನ ಅಂತರ ಬಹುಮಟ್ಟಿಗೆ ಕರಗಿಹೋಯಿತು! ಧರ್ಮದ ನಿಷೇಧವು ಅಲ್ಲಿ ಬದಲಿಸಿದ್ದು ಸಾವನ್ನೋ ಸಾವಿನ ಹೆಸರನ್ನೋ ಎಂಬ ಪ್ರಶ್ನೆ ಎದ್ದುನಿಂತಿತು.

ಡಚ್ ದಾಖಲೆಗಳು ಕಲಿಸಿದ ಈ ಎಚ್ಚರವನ್ನು ಇಟ್ಟುಕೊಂಡು ನಮ್ಮ ದೇಶದ ಅಂಕಿಗಳತ್ತ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2014ನೇ ವರ್ಷಕ್ಕೆ ಆತ್ಮಹತ್ಯೆಗಳನ್ನು ಧರ್ಮವಾರು ಸಂಗ್ರಹಿಸಿತ್ತು. ವಾರ್ಷಿಕ ವರದಿಯಲ್ಲಿ ಪ್ರಕಟವಾಗದ ಆ ಮಾಹಿತಿಯು ಮಾಹಿತಿ ಹಕ್ಕಿನ ಮೂಲಕ ಹೊರಬಂದಾಗ, ಮೃತಪಟ್ಟವರಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಯಲ್ಲಿನ ಅವರ ಪಾಲಿಗಿಂತ ಕಡಿಮೆಯೆಂದು ತಿಳಿದುಬಂತು. 2011ರ ಜನಗಣತಿಯ ಪ್ರಕಾರ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು ಶೇ. 14.2. ಇದನ್ನು ಹಿಡಿದು ಸಂತೋಷಪಡುವುದಕ್ಕೆ ಮುನ್ನ ಇನ್ನೊಂದು ಲೆಕ್ಕವನ್ನು ನೋಡಬೇಕು. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ, ಮನೆಮನೆಗೆ ಹೋಗಿ ಮರಣದ ಕಾರಣ ವಿಚಾರಿಸಿದ ಸಮೀಕ್ಷೆಯನ್ನು ಆಧರಿಸಿದ ಅಧ್ಯಯನವು 2010ರಲ್ಲಿ ಭಾರತದಲ್ಲಿ ಸುಮಾರು 1,87,000 ಆತ್ಮಹತ್ಯೆಗಳು ನಡೆದಿರಬೇಕೆಂದು ಅಂದಾಜಿಸಿತು. ಪೊಲೀಸ್ ದಾಖಲೆಯಲ್ಲಿದ್ದುದು ಸುಮಾರು 1,34,600. ಬಿಟ್ಟುಹೋದವರ ಪ್ರಮಾಣ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚಾಗಿತ್ತು.

ಬಿಟ್ಟುಹೋದವರಲ್ಲಿ ನಮ್ಮವರೆಷ್ಟು ಎಂಬುದನ್ನು ಯಾವ ಲೆಕ್ಕವೂ ಹೇಳುವುದಿಲ್ಲ. ಆದರೆ ಮೊಹಲ್ಲಾಗಳಲ್ಲಿ ಬೆಳೆದ ನಾವು ಕೆಲವು ಮಾತುಗಳನ್ನು ಕೇಳಿ ಬಲ್ಲೆವು. 'ಕಾಲು ಜಾರಿತಂತೆ', 'ರಾತ್ರಿ ಎದೆನೋವು ಬಂತಂತೆ'. ಹೇಳುವವರು ನೆಲ ನೋಡುತ್ತಾರೆ, ಕೇಳುವವರು ಮತ್ತೆ ಕೇಳುವುದಿಲ್ಲ. ಮಣ್ಣು ಬೇಗ ಮುಗಿಯುತ್ತದೆ. ಮೃತರ ಗೌರವಕ್ಕಾಗಿ ಇದು ಸರಿಯಿರಬಹುದು. ಆದರೆ ಆ ಮನೆಯಲ್ಲಿ ಉಳಿದವರ ಗತಿ? ಅದೇ ಸಂಕಟದಲ್ಲಿರುವ ಪಕ್ಕದ ಮನೆಯವರು ತಾವೊಬ್ಬರೇ ಹೀಗೆ ನರಳುತ್ತಿದ್ದೇವೆಂದು ತಿಳಿಯುತ್ತಾರೆ. ನಮ್ಮಲ್ಲಿ ಇದು ಇಲ್ಲ ಎಂಬ ಹೆಮ್ಮೆಯ ಮಾತು, ಸಹಾಯ ಕೇಳಬೇಕಾದವನ ಬಾಯಿಯನ್ನು ಕಟ್ಟಿಹಾಕುತ್ತದೆ.

ಬ್ಯೂರೋದ 2022ರ ವರದಿಯಲ್ಲಿ ದೇಶದ ಒಟ್ಟು ಆತ್ಮಹತ್ಯೆಗಳು 1,70,924. ಅವುಗಳಲ್ಲಿ ಕರ್ನಾಟಕದ ಪಾಲು 13,606. ಕಾರಣಗಳ ಪೈಕಿ ಮೊದಲನೆಯದು ಕೌಟುಂಬಿಕ ಸಮಸ್ಯೆ, ಶೇ. 31.7. ವೃತ್ತಿಗಳ ಪೈಕಿ ಮೊದಲನೆಯ ಸ್ಥಾನದಲ್ಲಿರುವವರು ದಿನಗೂಲಿಗಳು, ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಗೃಹಿಣಿಯರು 25,309. ಡರ್ಖೀಮ್ ಅಡಿಟಿಪ್ಪಣಿಯಲ್ಲಿ ಬಿಟ್ಟುಹೋದವರು ಇಲ್ಲಿ ಮುಖ್ಯ ಪಠ್ಯದಲ್ಲಿಯೇ ಇದ್ದಾರೆ. ದಿನಗೂಲಿಗಳು ಮತ್ತು ಗೃಹಿಣಿಯರು ನಮ್ಮ ಸಮುದಾಯದಲ್ಲಿ ಎಷ್ಟಿದ್ದಾರೆ ಎಂದು ಓದುಗರೇ ಬಲ್ಲರು.

ವ್ಯಕ್ತಿಯ ದೌರ್ಬಲ್ಯವೋ ಸಮಾಜದ ಸ್ಥಿತಿಯೋ ಎಂಬ ಆ ಹಳೆಯ ವಾಗ್ವಾದ ನಮ್ಮ ರಾಜ್ಯದಲ್ಲೂ ನಡೆದಿದೆ. 1990ರ ದಶಕದ ಕೊನೆಯಲ್ಲಿ ಬೀದರ್ ಜಿಲ್ಲೆಯಲ್ಲಿ ತೊಗರಿ ಬೆಳೆ ಕೈಕೊಟ್ಟಾಗ ರೈತರ ಆತ್ಮಹತ್ಯೆಗಳು ವರದಿಯಾದವು. ಸಮಾಜಶಾಸ್ತ್ರಜ್ಞೆ ಎ.ಆರ್. ವಾಸವಿ ಅವರು 1999ರಲ್ಲಿ ಈ ಬಗ್ಗೆ ಬರೆದ ಲೇಖನದಲ್ಲಿ ಬೆಳೆನಷ್ಟ, ಸಾಲಗಳಾಚೆಗೂ ನೋಡಿದರು. ಹಿಂದೆ ಬಿತ್ತನೆಯ ನಿರ್ಧಾರ, ಬೀಜ, ತಿಳಿವಳಿಕೆ ಊರಿನವರ ನಡುವೆ ಹಂಚಿಕೆಯಾಗುತ್ತಿದ್ದವು. ಮಾರುಕಟ್ಟೆಯ ಬೀಜ, ಔಷಧಗಳು ಬಂದ ಮೇಲೆ ರೈತ ಒಬ್ಬನೇ ನಿರ್ಧರಿಸಿ, ಒಬ್ಬನೇ ಸಾಲ ಮಾಡಿ, ಒಬ್ಬನೇ ಸೋಲುವಂತಾಯಿತು. ಎಲ್ಲರ ಬೆಳೆ ಹೋದರೂ ನಾಚಿಕೆ ಮಾತ್ರ ಅವನೊಬ್ಬನದಾಯಿತು. ಇತ್ತ ರಾಜ್ಯ ಸರಕಾರ ನೇಮಿಸಿದ, ಕೃಷಿ ವಿಜ್ಞಾನಿ ಜಿ.ಕೆ. ವೀರೇಶ್ ಅವರ ನೇತೃತ್ವದ ಸಮಿತಿಯು 2002ರಲ್ಲಿ ನೀಡಿದ ವರದಿ ಸಾಲಕ್ಕಿಂತ ಕುಡಿತ, ಕೌಟುಂಬಿಕ ಕಲಹಗಳಿಗೆ ಹೆಚ್ಚಿನ ಒತ್ತು ಕೊಟ್ಟು ಟೀಕೆಗೊಳಗಾಯಿತು. ಕುಡಿತವೂ ಕಲಹವೂ ಇದ್ದಿರಬಹುದು. ಆದರೆ ಅವು ಒಂದು ಜಿಲ್ಲೆಯಲ್ಲಿ, ಒಂದೇ ಹಂಗಾಮಿನಲ್ಲಿ ಹೇಗೆ ಒಟ್ಟಾಗಿ ಹೆಚ್ಚಾದವು ಎಂಬ ಕೆಟ್ಲೆಯವರ ಹಳೆಯ ಪ್ರಶ್ನೆಗೆ ಅಂಥ ವಿವರಣೆ ಉತ್ತರ ಕೊಡುವುದಿಲ್ಲ. ನಮ್ಮ ಒಲವು ವಾಸವಿಯವರ ಕಡೆಗಿದೆ.

ಕಾನೂನು ನಿಧಾನವಾಗಿಯಾದರೂ ಬದಲಾಯಿತು. 1860ರ ಭಾರತೀಯ ದಂಡ ಸಂಹಿತೆಯ 309ನೇ ಕಲಮು ಆತ್ಮಹತ್ಯೆಯ ಯತ್ನವನ್ನು ಅಪರಾಧವೆಂದಿತ್ತು. ಅದನ್ನು ತಂದ ಬ್ರಿಟಿಷರು ತಮ್ಮ ದೇಶದಲ್ಲಿ 1961ರಲ್ಲಿಯೇ ಅಂಥ ಕಾನೂನನ್ನು ರದ್ದುಪಡಿಸಿದರು. ಇಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯು, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಅವರನ್ನು ಶಿಕ್ಷಿಸಬಾರದು, ಸರಕಾರ ಅವರಿಗೆ ಆರೈಕೆ ಒದಗಿಸಬೇಕು ಎಂದಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 309ನೇ ಕಲಮು ಇಲ್ಲ. ಸರಕಾರಿ ಅಧಿಕಾರಿಯ ಮೇಲೆ ಒತ್ತಡ ತರಲು ಯತ್ನಿಸುವುದು ಮಾತ್ರ ಈಗಲೂ ಅಪರಾಧ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮುನ್ನಡೆಸುವ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಮಸೀದಿಯ ಸೂಚನಾ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕ ಬರೆದಿಡಲು ಜಮಾಅತ್ ಸಮಿತಿಗಳಿಗೆ ಖರ್ಚೇನೂ ಇಲ್ಲ.

ನಮ್ಮದೇ ಪರಂಪರೆಯತ್ತ ಮರಳಿ ನೋಡಿದರೆ, ಅಲ್ಲಿ ನಿಷೇಧವಿದೆ, ಶವವನ್ನು ಬೀದಿಯಲ್ಲಿ ಎಳೆಯುವ ದಂಡನೆ ಇಲ್ಲ. ಆತ್ಮಹತ್ಯೆ ಮಾಡಿಕೊಂಡ ಒಬ್ಬ ವ್ಯಕ್ತಿಯ ಜನಾಝ ನಮಾಝನ್ನು ಪ್ರವಾದಿ(ಸ)ರು ಸ್ವತಃ ನಿರ್ವಹಿಸಲಿಲ್ಲವೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಬಹುಪಾಲು ವಿದ್ವಾಂಸರು ಅದನ್ನು ಇತರರಿಗೆ ಎಚ್ಚರಿಕೆಯೆಂದು ಅರ್ಥೈಸಿ, ಸಮುದಾಯವು ಅಂಥವರ ನಮಾಝ್ ನಿರ್ವಹಿಸಬೇಕೆಂದೇ ಹೇಳಿದ್ದಾರೆ. ಅಂಥವರನ್ನು ಖಬರಸ್ತಾನದ ಹೊರಗಿಡಬೇಕೆಂದು ಇಂದು ಅಲ್ಲಲ್ಲಿ ಏಳುವ ದನಿಗಳಿಗೆ ನಮ್ಮ ಫಿಕ್ಹ್‌ನಲ್ಲಿ ಬೇರು ಸಿಗುವುದು ಕಷ್ಟ, ಯುರೋಪಿನ ಹಳೆಯ ಶಾಸನಗಳಲ್ಲಿ ಸಿಗಬಹುದು.

ಅದೇ ಸಹೀಹ್ ಮುಸ್ಲಿಮ್‌ನಲ್ಲಿ ಇನ್ನೊಂದು ವರದಿಯಿದೆ. ದೌಸ್ ಗೋತ್ರದ ತುಫೈಲ್ ಬಿನ್ ಅಮ್ರ್(ರ) ಮದೀನಕ್ಕೆ ಹಿಜ್ರತ್ ಮಾಡಿದಾಗ ಅವರ ಗೋತ್ರದ ಒಬ್ಬರು ಜೊತೆಗಿದ್ದರು. ಮದೀನದ ಹವೆ ಅವರಿಗೆ ಒಗ್ಗಲಿಲ್ಲ. ಕಾಯಿಲೆ ಬಿದ್ದರು, ತಳಮಳಗೊಂಡರು, ನೋವು ತಾಳಲಾರದೆ ತಮ್ಮ ಕೈಗಳಿಗೆ ತಾವೇ ಗಾಯ ಮಾಡಿಕೊಂಡು ಮೃತಪಟ್ಟರು. ಹುಟ್ಟೂರು ಬಿಟ್ಟು ಬಂದ ಮನುಷ್ಯ, ಹೊಸ ಊರು, ಒಗ್ಗದ ಹವೆ, ಕಾಯಿಲೆ. ಹದಿನಾಲ್ಕು ಶತಮಾನಗಳ ಹಿಂದಿನ ಈ ವರದಿ ಆತನ ಸಾವಿನ ಜೊತೆಗೆ ಆತನ ಪರಿಸ್ಥಿತಿಯನ್ನೂ ದಾಖಲಿಸಿದೆ ಎಂಬುದು ಗಮನಾರ್ಹ. ತುಫೈಲ್(ರ) ಅವರನ್ನು ಕನಸಿನಲ್ಲಿ ಕಂಡರು. ಹಿಜ್ರತ್‌ನ ಕಾರಣದಿಂದ ಕ್ಷಮೆ ದೊರೆತಿತ್ತು, ಸ್ಥಿತಿ ಚೆನ್ನಾಗಿತ್ತು, ಆದರೆ ಎರಡೂ ಕೈಗಳು ಮುಚ್ಚಿದ್ದವು. ತಾನಾಗಿಯೇ ಕೆಡಿಸಿಕೊಂಡುದನ್ನು ಸರಿಪಡಿಸಲಾಗದೆಂದು ಆತನಿಗೆ ತಿಳಿಸಲಾಗಿತ್ತು. ಮದೀನದ ಆ ಸಮುದಾಯದಲ್ಲಿ ತುಫೈಲ್(ರ) ಈ ಸಾವನ್ನು ಬಚ್ಚಿಡಲಿಲ್ಲ. ನೇರವಾಗಿ ಪ್ರವಾದಿ(ಸ)ರ ಬಳಿಗೆ ಹೋಗಿ ಕಂಡುದನ್ನೆಲ್ಲ ಹೇಳಿದರು. ಎಲ್ಲವನ್ನೂ ಕೇಳಿದ ಪ್ರವಾದಿ(ಸ)ರು ಆ ಕೈಗಳಿಗೂ ಕ್ಷಮೆ ನೀಡುವಂತೆ ಅಲ್ಲಾಹನಲ್ಲಿ ದುಆ ಮಾಡಿದರು.